ವಿಡಿಯೋದ ಆಂಟಿ ಹೇಳಿದ ಎಣ್ಣೆ

ನನ್ನ ತಂಗಿಯ ಕೂದಲು ಉದುರತೊಡಗಿದ್ದು ಎರಡನೆಯ ಸಲ ಕೀಮೋ ಕೊಟ್ಟ ಮೇಲೆ. ಸೊಂಟದವರೆಗೆ ಬರುವ ಜಡೆ ಅವಳದು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ, ಮಗಳ ಯೂನಿಫಾರಂ ಮೇಲೆ, ಎಲ್ಲಿ ನೋಡಿದರೂ ಕೂದಲು. ಒಂದು ವಾರ ಸುಮ್ಮನಿದ್ದು, ಆಮೇಲೆ ಗಂಡನ ಟ್ರಿಮ್ಮರ್ ತೆಗೆದುಕೊಂಡು ತಾನೇ ಬೋಳಿಸಿಕೊಂಡಳು. ಆ ಭಾನುವಾರ ನಾನು ಹೋದಾಗ ಬಾಗಿಲು ತೆರೆದವಳು ಯಾರೆಂದು ನನಗೆ ಅರೆಗಳಿಗೆ ತಿಳಿಯಲಿಲ್ಲ. ಅವಳೇ ನಕ್ಕು, "ಒಳಗ್ ಬಾರಕ್ಕ, ನಾನೇ ಕಣೇ" ಅಂದಳು.

ನಾನು ಇರುವುದು ತುಮಕೂರಿನಲ್ಲಿ. ಗುಬ್ಬಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಮದುವೆಯಾಗಲಿಲ್ಲ, ಆ ಕಥೆ ಇಲ್ಲಿ ಬೇಡ. ತಂಗಿಯನ್ನು ಕುಣಿಗಲ್‌ಗೆ ಕೊಟ್ಟಿದ್ದೆವು. ಅವಳ ಗಂಡ ಒಂದು ಖಾಸಗಿ ಕಂಪನಿಯಲ್ಲಿ ಸೂಪರ್‌ವೈಸರ್. ಮಾರ್ಕೋನಹಳ್ಳಿ ಕಡೆ ಅವರ ಮನೆಯವರ ಗದ್ದೆ ಇದ್ದರೂ ಬೇಸಾಯ ಮಾಡುವವರು ಅವರ ಅಣ್ಣ. ತಂಗಿಗೆ ಒಬ್ಬಳೇ ಮಗಳು. ಆಗ ಆರನೇ ಕ್ಲಾಸು. ಕಾಯಿಲೆ ಗೊತ್ತಾದ ಮೇಲೆ ನಾನು ಪ್ರತಿ ಭಾನುವಾರ ಹೆಬ್ಬೂರು ಮಾರ್ಗದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಒಂದಿಷ್ಟು ಅಡುಗೆ ಮಾಡಿಟ್ಟು ಸಂಜೆಗೆ ಹಿಂದಿರುಗುತ್ತಿದ್ದೆ.

ಅದೇ ಭಾನುವಾರ, ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಮಗು ಅಮ್ಮನ ಮೊಬೈಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ದೊಡ್ಡಮ್ಮ, ಇದು ನೋಡು. ಈ ಆಂಟಿಗೂ ಅಮ್ಮನ್ ಥರಾನೇ ಎಲ್ಲಾ ಉದ್ರಿತ್ತಂತೆ."

ವಿಡಿಯೋದಲ್ಲಿ ಒಬ್ಬ ಹೆಂಗಸು ತನ್ನ ಮನೆಯ ಜಗುಲಿಯಲ್ಲಿ ಕೂತು ಮಾತಾಡುತ್ತಿದ್ದಳು. ನನ್ನ ವಯಸ್ಸಿನವಳೇ ಇರಬೇಕು. ಕಾಟನ್ ಸೀರೆ, ಹಣೆಗೆ ದೊಡ್ಡ ಕುಂಕುಮ. "ನನ್ನ ಮುದ್ದುಗಳಾ, ಇವತ್ತು ನಾನು ನಿಮ್ಮ ಹತ್ರ ಏನೂ ಮುಚ್ಚಿಡಲ್ಲ" ಎಂದು ಶುರುಮಾಡಿದಳು. ತನಗೆ ಕಾಯಿಲೆ ಬಂದದ್ದು, ಕನ್ನಡಿ ನೋಡುವುದನ್ನೇ ಬಿಟ್ಟದ್ದು, ಅಜ್ಜಿ ಹೇಳಿದ ಗಿಡಮೂಲಿಕೆ, ಆಮೇಲೆ ಒಂದು ಎಣ್ಣೆ. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡಳು. ಒರೆಸಿಕೊಂಡ ಕೈಯಲ್ಲೇ ಬಾಟಲಿ ಎತ್ತಿದಳು. ಅದರ ಹೆಸರು ನೆಟ್ಟಗೆ ನಮಗೆ ಕಾಣುವ ಹಾಗೆ ಹಿಡಿದಿದ್ದಳು. ವಿಡಿಯೋದ ಕೆಳಗೆ ತರಿಸಿಕೊಳ್ಳುವ ಲಿಂಕು, ಅವಳ ಹೆಸರಿನದೇ ಒಂದು ಡಿಸ್ಕೌಂಟ್ ಕೋಡು. ಅದು ಜಾಹೀರಾತು ಎಂದು ಹೇಳುವ ಅಕ್ಷರಗಳು ಮೂಲೆಯಲ್ಲಿ ಎರಡು ಕ್ಷಣ ಬಂದು ಹೋದವು, ಇಂಗ್ಲಿಷಿನಲ್ಲಿ, ಸಾಸಿವೆ ಗಾತ್ರದಲ್ಲಿ.

ನನಗೆ ಗೊತ್ತಾಯಿತು. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ. ನೋಡಿದ ಕೂಡಲೇ ಗೊತ್ತಾಯಿತು.

"ನಿಜಾನಾ ದೊಡ್ಡಮ್ಮ? ನೀನು ಟೀಚರ್ ಅಲ್ವಾ, ಹೇಳು."

ಬಾಗಿಲಿನಾಚೆ ತಂಗಿ ತಲೆಗೆ ಟವೆಲ್ ಸುತ್ತಿಕೊಂಡು ಮಲಗಿದ್ದಳು. ಮಗುವಿನ ಮುಖ ಎಷ್ಟೋ ದಿನಗಳ ಮೇಲೆ ಬೆಳಗಿತ್ತು. "ಇರ್ಬೋದು ಕಣೇ, ನೋಡೋಣ" ಅಂದೆ. ಅಷ್ಟೇ ಅಲ್ಲ, ನನ್ನ ಫೋನಿನಿಂದಲೇ ಆರ್ಡರ್ ಮಾಡಿದೆ.

ಎಣ್ಣೆ ಬಂತು. ಅದರಿಂದ ಅಪಾಯವೇನೂ ಇಲ್ಲವಲ್ಲ ಎಂದು ತಂಗಿಯ ಗಂಡ ಡಾಕ್ಟರನ್ನು ಕೇಳಿಕೊಂಡು ಬಂದರು. ಹಚ್ಚಿದರೆ ತೊಂದರೆಯಿಲ್ಲ, ಪ್ರಯೋಜನವೂ ಇಲ್ಲ ಅಂದರಂತೆ. ಆ ಎರಡನೆಯ ಮಾತನ್ನು ಮಗುವಿಗೆ ಯಾರೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಅವಳು ಅಮ್ಮನನ್ನು ಬೆತ್ತದ ಸ್ಟೂಲಿನ ಮೇಲೆ ಕೂರಿಸಿ, ತಾನು ಹಿಂದೆ ನಿಂತು ಹಚ್ಚುತ್ತಿದ್ದಳು. ಆಂಟಿ ತೋರಿಸಿದ ಹಾಗೆಯೇ, ಕಿವಿಯ ಹಿಂದಿನಿಂದ ಶುರುಮಾಡಿ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಸುತ್ತು. "ಕಣ್ಮುಚ್ಕೊಬೇಕು. ಒಳ್ಳೇದನ್ನೇ ಅನ್ಕೋಬೇಕು. ಆಂಟಿ ಹೇಳವ್ರೆ" ಎನ್ನುವಳು. ತಂಗಿ ಕಣ್ಣು ಮುಚ್ಚಿಕೊಳ್ಳುವಳು.

ಒಂದು ದಿನ ನಾನು ತಡೆಯಲಾರದೆ ಕೇಳಿದೆ. "ನಿಂಗೂ ನಂಬ್ಕೆ ಬಂದೋಯ್ತಾ?"

"ಎಣ್ಣೆದೇನ್ ಬಂತಕ್ಕ" ಅಂದಳು ತಂಗಿ. "ಆಸ್ಪತ್ರೆಯಿಂದ ಬಂದಾಗ್ಲಿಂದ ಅವ್ಳು ನನ್ನ ಮುಟ್ಟಕ್ಕೆ ಹೆದರ್ತಿದ್ಲು. ದೂರ ನಿಂತ್ಕೊಂಡು ಮಾತಾಡೋಳು. ಈಗ ನೋಡು, ದಿನಾ ಬಂದು ತಲೆ ಹಿಡ್ಕೋತಾಳೆ. ಅಷ್ಟೇ ಸಾಕು ನಂಗೆ. ಅವ್ಳಿಗೆ ಹೇಳ್ಬೇಡ."

ಹೇಳಲಿಲ್ಲ.

ಕೀಮೋ ನಿಲ್ಲಿಸಿದ ಕೆಲವು ವಾರಗಳಿಗೆ ತಂಗಿಯ ತಲೆಯ ಮೇಲೆ ಮಂಜಿನ ಹಾಗೆ ಸಣ್ಣ ಕೂದಲು ಕಾಣಿಸಿಕೊಂಡಿತು. ಔಷಧಿ ನಿಂತರೆ ಬರುತ್ತದೆ ಎಂದು ನರ್ಸು ಮೊದಲೇ ಹೇಳಿದ್ದರು. ಮಗುವಿಗೆ ಮಾತ್ರ ಅದು ತನ್ನ ಬೆರಳಿನ, ಆಂಟಿಯ ಎಣ್ಣೆಯ ಫಲ. ಕುಣಿದಾಡಿಬಿಟ್ಟಳು. ಅಮ್ಮನ ಫೋನಿನಿಂದ ಆ ವಿಡಿಯೋದ ಕೆಳಗೆ ಬರೆದಳು: "ಆಂಟಿ ನಮ್ಮಮ್ಮಂಗೆ ಕ್ಯಾನ್ಸರ್. ನೀವು ಹೇಳಿದ ಎಣ್ಣೆ ಹಚ್ಚಿದೆ. ಕೂದಲು ಬರ್ತಾ ಇದೆ. ನೀವು ದೇವರು."

ಮುಂದಿನ ವಾರದ ವಿಡಿಯೋದಲ್ಲಿ ಆ ಹೆಂಗಸು ಇದೇ ಸಾಲುಗಳನ್ನು ಪರದೆಯ ತುಂಬ ದೊಡ್ಡದಾಗಿ ತೋರಿಸಿ, ಗಂಟಲು ಕಟ್ಟಿಸಿಕೊಂಡು ಓದಿದಳು. "ಒಬ್ಬಳು ಪುಟ್ಟ ಮಗಳು ತನ್ನ ಅಮ್ಮನಿಗೋಸ್ಕರ ಏನು ಮಾಡಿದ್ದಾಳೆ ನೋಡಿ" ಅಂದಳು. ಆಮೇಲೆ ಬಾಟಲಿ.

ಮಗು ಕೂಡಲೇ ನನಗೆ ಫೋನ್ ಮಾಡಿದಳು. "ದೊಡ್ಡಮ್ಮ, ಆಂಟಿ ನಂದು ಓದಿದ್ರು. ನನ್ನ ಮಗ್ಳು ಅಂದ್ರು." ನಾನು "ಹೌದಾ, ಒಳ್ಳೇದಾಯ್ತು" ಅಂದೆ. ಆ ದಿನ ಕ್ಲಾಸಿನಲ್ಲಿ ನನಗೆ ಪಾಠ ಮಾಡಲು ಆಗಲಿಲ್ಲ. ಮಕ್ಕಳಿಗೆ ಕಾಪಿ ಬರೆಯಲು ಹೇಳಿದೆ.

ಕಾಯಿಲೆ ಲಿವರಿಗೆ ಹರಡಿದ್ದು ಯುಗಾದಿ ಮುಗಿದ ಮೇಲೆ ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಗೂ ಕುಣಿಗಲ್‌ಗೂ ಓಡಾಡಿ, ಕೊನೆಗೆ ಮನೆಗೇ ಕರೆದುಕೊಂಡು ಹೋಗಿ ಎಂದರು. ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ನನ್ನ ತಂಗಿ ಹೋದಳು. ಅವಳ ತಲೆಯ ಮೇಲೆ ಆಗ ಬೆರಳಗಲದ ಕೂದಲಿತ್ತು. ಸ್ನಾನ ಮಾಡಿಸುವಾಗ ಮುತ್ತೈದೆಯರು ಆ ಕೂದಲಿಗೇ ಹೂ ಸಿಕ್ಕಿಸಲು ನೋಡಿದರು. ನಿಲ್ಲಲಿಲ್ಲ. ದಾರದಲ್ಲಿ ಕಟ್ಟಿದೆವು.

ಹನ್ನೊಂದರ ಕಾರ್ಯ ಮುಗಿದ ಮಾರನೆ ದಿನ ಮಗು ನನ್ನ ಹತ್ತಿರ ಬಂದು ಕೇಳಿದಳು. "ದೊಡ್ಡಮ್ಮ, ಪರೀಕ್ಷೆ ಇದ್ದಾಗ ನಾನು ನಾಕು ದಿನ ಎಣ್ಣೆ ಹಚ್ಚಿಲ್ಲ. ಅದಕ್ಕೇನಾ?"

ಎಣ್ಣೆಯಿದ್ದದ್ದು ಕೂದಲಿಗೆ. ಅವಳ ಮನಸ್ಸಿನಲ್ಲಿ ಅದು ಯಾವಾಗಲೋ ಅಮ್ಮನ ಜೀವಕ್ಕೇ ಮದ್ದಾಗಿಬಿಟ್ಟಿತ್ತು. "ಅಲ್ಲಮ್ಮ, ಅಲ್ಲ" ಎಂದು ತಬ್ಬಿಕೊಂಡೆ. ಯಾಕೆ ಅಲ್ಲ ಎಂದು ಬಿಡಿಸಿ ಹೇಳಲಿಲ್ಲ. ಹೇಳಬೇಕಾದರೆ ನನ್ನ ಸುಳ್ಳಿನಿಂದಲೇ ಶುರುಮಾಡಬೇಕಿತ್ತು.

ಶಾಲೆ ತೆರೆಯುವ ಹೊತ್ತಿಗೆ ತಂಗಿಯ ಗಂಡ ಒಂದು ಮಾತು ಕೇಳಿದರು. "ಅಕ್ಕ, ನಂದು ಶಿಫ್ಟ್ ಕೆಲ್ಸ. ಮನೇಲಿ ಒಬ್ಳನ್ನೇ ಬುಟ್ಟು ಹೋಗಕ್ಕೆ ಧೈರ್ಯ ಬರ್ತಿಲ್ಲ. ನಿಮ್ ಜೊತೆ ಇಟ್ಕೊತೀರಾ?" ನಾನೂ ಅದನ್ನೇ ಕೇಳಬೇಕೆಂದಿದ್ದೆ. ಮಗು ತುಮಕೂರಿಗೆ ಬಂದಳು. ನನ್ನ ಶಾಲೆಯಲ್ಲೇ ಏಳನೇ ಕ್ಲಾಸಿಗೆ ಸೇರಿಸಿದೆ. ಬೆಳಿಗ್ಗೆ ಇಬ್ಬರೂ ಗುಬ್ಬಿ ಬಸ್ಸಿಗೆ ಹೋಗುವುದು, ಸಂಜೆ ಒಟ್ಟಿಗೆ ಬರುವುದು. ಶಾಲೆಯಲ್ಲಿ ನಾನು ಅವಳಿಗೂ ಮಿಸ್ಸೇ.

ಅಮ್ಮನ ಫೋನು ಅವಳ ಜೊತೆ ಬಂದಿತ್ತು. ಊಟದ ಹೊತ್ತಿನಲ್ಲಿ ಆ ಆಂಟಿಯ ವಿಡಿಯೋ ಹಾಕಿಕೊಂಡು ನೋಡುವಳು. ಆಂಟಿ ಈಗ ಒಮ್ಮೆ ಮುಖಕ್ಕೆ ಹಚ್ಚುವುದು, ಒಮ್ಮೆ ಮಕ್ಕಳ ಬುದ್ಧಿ ಚುರುಕು ಮಾಡುವ ಪುಡಿ, ಹೀಗೆ ಏನೇನೋ ತೋರಿಸುತ್ತಿದ್ದಳು. ಮಗು ಅದೊಂದನ್ನೂ ಬೇಕೆಂದು ಕೇಳಲಿಲ್ಲ. "ಮುದ್ದುಗಳಾ" ಎಂದು ಕರೆಯುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಂದು ಶನಿವಾರ ಅವಳು ಫೋನು ತಂದು ನನ್ನ ಮುಂದಿಟ್ಟಳು. ಆಂಟಿಗೆ ಅವಳು ಕಳಿಸಿದ ಮೆಸೇಜು ತೆರೆದಿತ್ತು. "ಆಂಟಿ ನಾನು ನಿಮ್ಮ ಮಗಳು. ಎಣ್ಣೆ ಹಚ್ಚಿದೆನಲ್ಲ ಅವಳು. ನಮ್ಮಮ್ಮ ತೀರ್ಕೊಂಡ್ರು." ಅದರ ಕೆಳಗೆ ಅದೇ ನಿಮಿಷದಲ್ಲಿ ಬಂದ ಉತ್ತರ: "ನಮಸ್ಕಾರ! ಸಂಪರ್ಕಿಸಿದ್ದಕ್ಕೆ ಧನ್ಯವಾದಗಳು. ಆರ್ಡರ್ ಮಾಡಲು ಕೆಳಗಿನ ಲಿಂಕ್ ಒತ್ತಿ."

"ಅವ್ರು ಸರ್ಯಾಗಿ ಓದ್ಲಿಲ್ಲ ಅನ್ಸುತ್ತೆ" ಅಂದಳು. ನನ್ನ ಮುಖ ನೋಡುತ್ತಾ, ಹೌದು ಅನ್ನಲಿ ಎಂದು ಕಾಯುತ್ತಿದ್ದಳು.

ನಾನು ಆಗಲೂ ಅವಳಿಗೆ ನೇರವಾಗಿ ಹೇಳಲಿಲ್ಲ. ಹೇಡಿತನ ಎಂದರೆ ಅದೇ. ಕ್ಲಾಸಿನ ನೆಪ ಮಾಡಿಕೊಂಡೆ. ಮೂವತ್ತು ಮಕ್ಕಳಿಗೆ ಹೇಳಿದರೆ ಅವಳಿಗೂ ಹೇಳಿದ ಹಾಗಾಗುತ್ತದೆ, ಆ ಗುಂಪಿನಲ್ಲಿ ಅವಳ ನೋವು ಸ್ವಲ್ಪ ಮಂದವಾಗುತ್ತದೆ ಎಂದುಕೊಂಡೆ.

ಸೋಮವಾರ ಕನ್ನಡ ಪೀರಿಯಡ್‌ನಲ್ಲಿ ಮಕ್ಕಳನ್ನು ಕೇಳಿದೆ, ಮೊಬೈಲಿನಲ್ಲಿ ಯಾರ ವಿಡಿಯೋ ಇಷ್ಟ ಎಂದು. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟರು. ಟಿ.ವಿ.ಯಲ್ಲಿ ಜಾಹೀರಾತು ಬಂದರೆ ನಿಮಗೆ ಗೊತ್ತಾಗುತ್ತಾ ಎಂದೆ. ಓ, ಗೊತ್ತಾಗುತ್ತೆ ಮಿಸ್, ಹಾಡು ಬರುತ್ತೆ, ಧಾರಾವಾಹಿ ನಿಂತುಹೋಗುತ್ತೆ ಎಂದರು. "ಧಾರಾವಾಹಿ ನಿಲ್ಲದೇನೇ, ಅದರೊಳಗೇ ಬಂದ್ರೆ?" ಎಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬೋರ್ಡಿನ ಮೇಲೆ ಬರೆದು ಪಟ್ಟಿ ಮಾಡಿಸಿದರೆ ಮರೆತುಬಿಡುತ್ತಾರೆ. ಆಟವನ್ನೇ ಮಾಡಿಸಿದೆ. ಒಬ್ಬೊಬ್ಬರೇ ಮುಂದೆ ಬಂದು ತಮ್ಮ ಮನೆಯದೇನಾದರೂ ಕಥೆ ಹೇಳಬೇಕು. ಆ ಕಥೆಯೊಳಗೆ ಏನಾದರೂ ಒಂದು ವಸ್ತುವನ್ನು ಮಾರಬೇಕು. ಕೇಳುತ್ತಿರುವವರಿಗೆ, ಇವರು ಮಾರುತ್ತಿದ್ದಾರೆ ಎಂದು ಅನ್ನಿಸಿದ ತಕ್ಷಣ ಕೈ ಎತ್ತಬೇಕು.

ಬಿದರೆಹಳ್ಳಿ ಕಾವಲ್ ಕಡೆಯಿಂದ ಬರುವ ಒಬ್ಬ ಹುಡುಗಿ ತನ್ನಜ್ಜಿಯ ಮಂಡಿನೋವಿನ ಕಥೆ ಹೇಳಿ ನೀರಿನ ಬಾಟಲಿ ಮಾರಿದಳು. ಅವಳು ಬಾಟಲಿಯನ್ನು ಕ್ಲಾಸಿನ ಕಡೆ ತಿರುಗಿಸಿದ್ದೇ ತಡ ಎಲ್ಲರ ಕೈಯೂ ಮೇಲೆ. ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಮಿಸ್, ನೋವಿನ ವಿಷ್ಯ ಹೇಳೋರು ಬಾಟ್ಲು ಯಾಕೆ ಎತ್ತವ್ರೆ?" ಅಂದ ಒಬ್ಬ. "ಅವ್ಳು ಒಂದೇ ಹೆಸ್ರು ಮೂರು ಸಲ ಹೇಳಿದ್ಲು" ಅಂತ ಇನ್ನೊಬ್ಬಳು. ಇಷ್ಟೆಲ್ಲ ಹೇಳಿ ಕೊನೆಗೆ ನಮ್ಮ ಕೈಲಿ ಏನು ಮಾಡಿಸಬೇಕು ಅಂತ ಇದ್ದಾರೆ, ಅದನ್ನ ಕೇಳಿಕೊಳ್ಳಿ, ನಾವು ತಗೊಂಡರೆ ಅವರಿಗೆ ಏನು ಸಿಗುತ್ತೆ ಅನ್ನೋದನ್ನೂ ಕೇಳಿಕೊಳ್ಳಿ ಎಂದೆ. ಕ್ಲಾಸು ನಗುತ್ತಾ ನಡೆಯುತ್ತಿತ್ತು.

ಆಗ ನನ್ನ ತಂಗಿಯ ಮಗಳು ತಾನಾಗಿಯೇ ಎದ್ದು ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ತಲೆಯನ್ನು ಸ್ವಲ್ಪ ಓರೆ ಮಾಡಿದಳು.

"ನನ್ನ ಮುದ್ದುಗಳಾ, ಇವತ್ತು ನಾನು ನಿಮ್ಮ ಹತ್ರ ಏನೂ ಮುಚ್ಚಿಡಲ್ಲ" ಎಂದು ಶುರುಮಾಡಿದಳು. ಅದೇ ದನಿ, ಅದೇ ನಿಲುಗಡೆ. ಅಮ್ಮನ ಕಾಯಿಲೆ ಹೇಳಿದಳು. ದಿಂಬಿನ ಮೇಲಿನ ಕೂದಲು ಹೇಳಿದಳು. ಸ್ಟೂಲು, ಬೆರಳು, ಬೆಳಗಿನ ಹೊತ್ತು. ಕಣ್ಣೀರು ಬಂದಾಗ ಆ ಹೆಂಗಸಿನ ಹಾಗೆಯೇ ಬೆರಳ ಮಡಿಕೆಯಿಂದ ಒರೆಸಿಕೊಂಡಳು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬಳು ಅಳುತ್ತಿದ್ದಳು. ಕೊನೆಗೆ ಖಾಲಿ ಕೈಯನ್ನು ಬಾಟಲಿ ಹಿಡಿದ ಹಾಗೆ ಎತ್ತಿ, "ನಮ್ಮಮ್ಮಂಗೆ ಕೂದ್ಲು ಬಂತು, ನೀವೂ ತಗೊಳ್ಳಿ" ಅಂದಳು.

ಒಂದು ಕೈಯೂ ಮೇಲೇಳಲಿಲ್ಲ. ಅವಳೇ ತನ್ನ ಇನ್ನೊಂದು ಕೈಯನ್ನು ಎತ್ತಿದಳು. ಎತ್ತಿಕೊಂಡೇ ನನ್ನ ಕಡೆ ನೋಡಿದಳು.

ಸಂಜೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಅವಳು ಬೆಂಚು ಬಿಟ್ಟು ಏಳಲಿಲ್ಲ. ನಾನೂ ಕೂತೆ.

"ಅಮ್ಮಂಗೆ ಗೊತ್ತಿತ್ತಾ ದೊಡ್ಡಮ್ಮ?"

"ಗೊತ್ತಿತ್ತು."

"ನಿಂಗೆ?"

"ನಂಗೂ ಗೊತ್ತಿತ್ತು. ನೀನು ಮೊದಲ್ನೇ ಸಲ ತೋರ್ಸಿದಾಗ್ಲೇ."

ಆಮೇಲೆ ತಂಗಿ ನನಗೆ ಹೇಳಿದ್ದನ್ನೆಲ್ಲ ಹೇಳಿದೆ. ಮುಟ್ಟಲು ಹೆದರುತ್ತಿದ್ದ ಮಗಳು ದಿನಾ ಬಂದು ತಲೆ ಹಿಡಿದುಕೊಳ್ಳುವುದೇ ಅವಳಿಗೆ ಬೇಕಿತ್ತು ಎಂಬುದನ್ನು. ಇದನ್ನು ಕೇಳಿದರೆ ಮಗುವಿಗೆ ಸಮಾಧಾನವಾಗುತ್ತದೆ ಎಂದು ನಾನು ಎಷ್ಟೋ ದಿನದಿಂದ ಈ ಮಾತನ್ನು ಜೋಪಾನ ಮಾಡಿಟ್ಟುಕೊಂಡಿದ್ದೆ. ಅವಳು ಕೇಳಿಸಿಕೊಂಡಳು. ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"ಹಂಗಾದ್ರೆ ನೀವಿಬ್ರೂ ಸೇರ್ಕೊಂಡು ನಂಗೆ ಸುಳ್ಳು ಹೇಳಿದ್ರಿ" ಅಂದಳು. "ಅಮ್ಮ ಮುಟ್ಟು ಅಂತ ಅಂದಿದ್ರೆ ನಾನ್ ಮುಟ್ತಿದ್ದೆ. ಎಣ್ಣೆ ಬೇಕಿರ್ಲಿಲ್ಲ."

ಮುಂದಿನ ಬಸ್ಸಿಗೆ ಇಬ್ಬರೂ ಹತ್ತಿದೆವು.

ಆ ವಾರವೆಲ್ಲ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಭಾನುವಾರ ಬೆಳಿಗ್ಗೆ ಫೋನು ಹಿಡಿದು ಬಂದಳು. ತಾನು ಬರೆದ ಕಮೆಂಟಿನ ಕೆಳಗೆ ಬಂದಿದ್ದ ಉತ್ತರಗಳನ್ನು ತೋರಿಸಿದಳು. ನಾನು ಅದುವರೆಗೆ ಅದನ್ನು ನೋಡಿರಲಿಲ್ಲ. ಒಂದರ ಕೆಳಗೊಂದು. "ಪುಟ್ಟಿ, ನಮ್ಮ ಅಮ್ಮನಿಗೂ ಅದೇ ಕಾಯಿಲೆ, ಎಷ್ಟು ದಿನಕ್ಕೆ ಬಂತು?" "ನನ್ನ ಹೆಂಡತಿಗೆ ತರಿಸಿದ್ದೇನೆ, ನಿಮ್ಮ ಮಾತು ನೋಡಿ ಧೈರ್ಯ ಬಂತು." "ದಿನಕ್ಕೆ ಎಷ್ಟು ಸಲ ಹಚ್ಚಬೇಕು?"

"ಇವ್ರೆಲ್ಲಾ ನನ್ನ ನೋಡಿ ತಗೊಂಡವ್ರೆ" ಅಂದಳು. "ಆಂಟಿ ಒಬ್ರೇ ಅಲ್ಲ ದೊಡ್ಡಮ್ಮ. ನಾನೂ ಜಾಹೀರಾತು ಮಾಡಿದೀನಿ."

ನೀನು ಬೇಕೆಂದು ಮಾಡಿದ್ದಲ್ಲ ಎಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಟೇಬಲ್ಲಿನ ಮುಂದೆ ಕೂತು, ನೋಟ್‌ಬುಕ್ಕಿನಲ್ಲಿ ಮೊದಲು ಬರೆದು, ತಿದ್ದಿ, ನನ್ನ ಕೈಲಿ ಕಾಗುಣಿತ ನೋಡಿಸಿ, ಆಮೇಲೆ ಫೋನಿನಲ್ಲಿ ಹಾಕಿದಳು. "ನಾನು ಮೊದಲು ಬರೆದದ್ದು ತಪ್ಪು. ಕೀಮೋ ನಿಂತಿದ್ದಕ್ಕೆ ಕೂದಲು ಬಂತು, ಎಣ್ಣೆಯಿಂದ ಅಲ್ಲ. ನಮ್ಮಮ್ಮ ಈಗ ಇಲ್ಲ. ಈ ವಿಡಿಯೋ ಜಾಹೀರಾತು. ದಯವಿಟ್ಟು ಡಾಕ್ಟರನ್ನು ಕೇಳಿ." ಪ್ರತಿಯೊಬ್ಬರ ಪ್ರಶ್ನೆಯ ಕೆಳಗೂ ಅದನ್ನೇ ಹಾಕುತ್ತಾ ಹೋದಳು. ತಿಂಡಿಗೆ ಏಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವೆಲ್ಲ ಮಾಯವಾಗಿದ್ದವು. ಮತ್ತೆ ಹಾಕಲು ನೋಡಿದರೆ ಆಗಲಿಲ್ಲ, ಅವಳನ್ನು ಬ್ಲಾಕ್ ಮಾಡಿದ್ದರು. ಅದರ ಜೊತೆಗೆ ಅವಳ ಮೊದಲಿನ ಕಮೆಂಟೂ ಹೋಗಿತ್ತು. ಆ ಹೆಂಗಸು ಅದನ್ನು ದೊಡ್ಡದಾಗಿ ತೋರಿಸಿ ಓದಿದ್ದ ವಿಡಿಯೋ ಮಾತ್ರ ಇನ್ನೊಂದು ಫೋನಿನಲ್ಲಿ ನೋಡಿದರೆ ಹಾಗೆಯೇ ಇತ್ತು. ನಾನು ದೂರು ಕೊಡುವ ಜಾಗಗಳಿಗೆಲ್ಲ ದೂರು ಬರೆದೆ. ದೂರು ತಲುಪಿದೆ ಎಂಬ ಉತ್ತರ ಬಂತು. ಇವತ್ತಿಗೂ ಆ ವಿಡಿಯೋ ಇದೆ.

ಮಗು ಆ ಮಧ್ಯಾಹ್ನ ಅತ್ತಳು. ಅಮ್ಮ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಹತ್ತಿರ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದೆ. ಅವಳು ತಲೆಯೆತ್ತಿ, "ಅಲ್ಲೇ ಯಾಕ್ ನಿಂತಿದೀಯ" ಅಂದಳು. ಹೋಗಿ ಕೂತೆ.

ಇದಾದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ನಾನು ಕಲಿಸಿದ್ದನ್ನು ಅವಳು ಎಷ್ಟು ಚೆನ್ನಾಗಿ ಕಲಿತಳೆಂದರೆ, ಕಣ್ಣೀರು ಕಂಡರೆ ಅದರ ಹಿಂದೆ ಏನಿದೆ ಎಂದು ಹುಡುಕುತ್ತಾಳೆ. ವರ್ಷದ ತಿಥಿಗೆ ಕುಣಿಗಲ್‌ಗೆ ಹೋಗಿದ್ದಾಗ ತಂಗಿಯ ಓರಗಿತ್ತಿ ಫೋಟೋದ ಮುಂದೆ ನಿಂತು ಅಳುತ್ತಿದ್ದಳು. ಮಗು ನನ್ನ ಕಿವಿಯಲ್ಲಿ, "ದೊಡ್ಡಮ್ಮ, ಅವ್ರು ನಿಜ್ವಾಗ್ಲೂ ಅಳ್ತವ್ರಾ?" ಎಂದು ಕೇಳಿದಳು. ನಿಜವಾಗಿಯೇ ಅಳುತ್ತಿದ್ದಳು, ಪಾಪ. ಹೌದು ಅಂದೆ. ಅವಳು ನನ್ನನ್ನೂ ಒಂದು ಗಳಿಗೆ ಅಳೆದು ನೋಡಿದಳು. ಅದನ್ನು ನಾನು ಹೊತ್ತುಕೊಳ್ಳಲೇಬೇಕು. ವಿಡಿಯೋ ಹೇಗೆ ನೋಡಬೇಕೆಂದು ಅವಳಿಗೆ ಕಲಿಸಬೇಕಾಗಿದ್ದ ದಿನ, ಆ ಸೊಪ್ಪು ಬಿಡಿಸುತ್ತಿದ್ದ ಭಾನುವಾರವೇ ಆಗಿತ್ತು. ನಾನು ಅದನ್ನು ಕೈಬಿಟ್ಟೆ.

ಕ್ಲಾಸಿನಲ್ಲಿ ಆ ಆಟ ಈಗಲೂ ಆಡಿಸುತ್ತೇನೆ. ಮಕ್ಕಳು ಚುರುಕಾಗಿದ್ದಾರೆ. ಮನೆಯಲ್ಲಿ ದೊಡ್ಡವರ ವಿಡಿಯೋಗಳಲ್ಲೂ ಹಿಡಿದು ತೋರಿಸುತ್ತಾರಂತೆ.

ಮೊನ್ನೆ ಶಾಲೆ ಬಿಟ್ಟ ಮೇಲೆ ಆರನೇ ಕ್ಲಾಸಿನ ಒಬ್ಬಳು ಸಣ್ಣ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಅವಳ ಅಣ್ಣ ತೊದಲುತ್ತಾನೆ. ಯಾವುದೋ ವಿಡಿಯೋದಲ್ಲಿ ತೊದಲು ಹೋಗುವ ಚೂರ್ಣ ತೋರಿಸಿದ್ದಾರೆ, ಅದು ಜಾಹೀರಾತಾ, ನಿಜಾನಾ, ಮಿಸ್ ಹತ್ತಿರ ಕೇಳಬೇಕು ಎಂದು. ನಾನು ಹಾಜರಿ ಪುಸ್ತಕ ಮುಚ್ಚಿ ಏಳುವಷ್ಟರಲ್ಲಿ, ಬಾಗಿಲ ಹೊರಗೆ ನನಗಾಗಿ ಕಾಯುತ್ತಿದ್ದ ನನ್ನ ತಂಗಿಯ ಮಗಳು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡಿದ್ದಳು. ಲಿಂಕು ಎಲ್ಲಿದೆ, ಕೋಡು ಇದೆಯಾ ಎಂದು ಕೇಳುತ್ತಾಳೆಂದುಕೊಂಡೆ.

"ನಿಮ್ಮಣ್ಣನ್ನ ಯಾರಾದ್ರೂ ಆಡ್ಕೊಂಡು ನಗ್ತಾರಾ?" ಎಂದು ಕೇಳಿದಳು.

ಆ ಹುಡುಗಿ ಹೂಂ ಎಂದು ತಲೆಯಾಡಿಸಿದಳು.

"ಅದನ್ನ ಮೊದ್ಲು ಹೇಳು. ಆಮೇಲೆ ವಿಡಿಯೋ ನೋಡಣ" ಅಂದಳು.

ನಾನು ಒಳಗೇ ನಿಂತುಕೊಂಡೆ. ಅವರ ಮಾತು ಮುಗಿಯುವ ಹೊತ್ತಿಗೆ ನಮ್ಮ ಬಸ್ಸು ಹೋಗಿತ್ತು.